ಕಾರಿನ ರೂಫ್ ಬಟ್ಟೆ ಜೋತು ಬಿದ್ದರೆ: ಹಾಳಾಗಿರುವುದು ಅಂಟಲ್ಲ, ಸ್ಪಂಜು

ಹತ್ತು ಹನ್ನೆರಡು ವರ್ಷ ಓಡಿದ ಕಾರುಗಳಿಗೆ ಬರುವ ಕಾಯಿಲೆ ಇದು. ಮೊದಲು ಹಿಂದಿನ ಗಾಜಿನ ಹತ್ತಿರ ರೂಫ್ ಬಟ್ಟೆ ಅಂಗೈಯಗಲ ಉಬ್ಬುತ್ತದೆ. ಕಿಟಕಿ ಇಳಿಸಿಕೊಂಡು ಹೈವೇಯಲ್ಲಿ ಹೋದರೆ ಪಟಪಟ ಬಡಿದುಕೊಳ್ಳುತ್ತದೆ. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಹಿಂದೆ ಕೂತವರ ತಲೆಗೆ ತಾಗುತ್ತದೆ. ಆಮೇಲೆ ಒಳಗನ್ನಡಿಯಲ್ಲಿ ಹಿಂದಿನ ರಸ್ತೆ ಕಾಣುವುದಿಲ್ಲ, ಇಳಿಬಿದ್ದ ಬಟ್ಟೆಯೇ ಕಾಣುತ್ತದೆ. ಇಷ್ಟಾದ ಮೇಲೆ ಅದು ಅಂದಚೆಂದದ ವಿಷಯವಾಗಿ ಉಳಿಯುವುದಿಲ್ಲ. ಹಿಂದೆ ಬರುವ ಲಾರಿ ಕಾಣಬೇಕಲ್ವಾ?

ಆಗ ಎಲ್ಲರೂ ಮಾಡುವುದು ಒಂದೇ. ಒಳ್ಳೆಯ ಅಂಟು ಯಾವುದು ಅಂತ ಕೇಳಿ ತರುತ್ತಾರೆ, ಬಟ್ಟೆಯ ಹಿಂದೆ ಹಚ್ಚುತ್ತಾರೆ, ಅಂಗೈಯಿಂದ ಒತ್ತುತ್ತಾರೆ. ಸಂಜೆಗೆ ಚೆನ್ನಾಗಿಯೇ ನಿಂತಿರುತ್ತದೆ. ನಾಲ್ಕು ದಿನ ಬಿಸಿಲು ಬಿದ್ದರೆ ಮತ್ತೆ ಕೆಳಗೆ. ಅಂಟು ಸರಿಯಿಲ್ಲ ಅಂದುಕೊಂಡು ಇನ್ನೂ ದುಬಾರಿ ಅಂಟು ತರುತ್ತಾರೆ. ಅದೂ ಬೀಳುತ್ತದೆ. ಈ ಸುತ್ತಾಟದಲ್ಲಿ ಹಣ ಹೋಗುತ್ತದೆ, ಬಟ್ಟೆಯ ಮೇಲೆ ಕಲೆಯೂ ಉಳಿಯುತ್ತದೆ. ಅಂಟು ಬದಲಿಸಿ ಪ್ರಯೋಜನವಿಲ್ಲ. ಹಾಳಾಗಿರುವುದು ಬೇರೆಯದೇ.

ಮೇಲೆ ನಿಜಕ್ಕೂ ಏನಿದೆ

ಕೈಗೆ ತಾಗುವುದು ಬಟ್ಟೆ. ಆದರೆ ಅಲ್ಲಿ ಮೂರು ಪದರ ಇವೆ. ಎಲ್ಲಕ್ಕಿಂತ ಮೇಲೆ, ತಗಡಿನ ಕಡೆಗೆ, ಅಚ್ಚಿನಲ್ಲಿ ಒತ್ತಿ ಮಾಡಿದ ಒಂದು ಹಲಗೆ ಇರುತ್ತದೆ. ಗ್ಯಾರೇಜಿನವರು ಸುಮ್ನೆ ರಟ್ಟು ಅನ್ನುತ್ತಾರೆ. ಹಳೆಯ ಕಾರುಗಳಲ್ಲಿ ಅದು ನಿಜಕ್ಕೂ ರಟ್ಟಿನಂಥದ್ದೇ. ಈಚಿನವುಗಳಲ್ಲಿ ಗಾಜಿನ ನಾರು ಸೇರಿಸಿದ ಗಟ್ಟಿ ಫೋಮ್ ಅಥವಾ ರಾಳ ಹಾಕಿ ಒತ್ತಿದ ನಾರು. ಕೆಳಗೆ, ನಮ್ಮ ಕಡೆಗೆ, ನೈಲಾನ್ ಅಥವಾ ಪಾಲಿಯೆಸ್ಟರ್‌ನ ತೆಳು ಹೆಣೆದ ಬಟ್ಟೆ. ಇವೆರಡರ ಮಧ್ಯೆ ಎರಡು ಮೂರು ಮಿಲಿಮೀಟರ್ ದಪ್ಪದ ಮೆತ್ತನೆಯ ಸ್ಪಂಜು. ಇದು ಪಾಲಿಯುರೆಥೇನ್ ಫೋಮ್.

ಈ ಸ್ಪಂಜಿಗೆ ಕೆಲಸ ಬಹಳ ಇದೆ. ರಟ್ಟಿನ ಏರುತಗ್ಗುಗಳನ್ನು ಮುಚ್ಚುತ್ತದೆ. ಮುಟ್ಟಿದರೆ ಮೆತ್ತಗೆ ಇರುವಂತೆ ಮಾಡುತ್ತದೆ. ಶಬ್ದ ಸ್ವಲ್ಪ ಹೀರುತ್ತದೆ. ಅಂಟು ಬಟ್ಟೆಯಿಂದ ಹೊರಗೆ ಒಸರದಂತೆ ತಡೆಯುತ್ತದೆ. ಕಾರ್ಖಾನೆಯಲ್ಲಿ ಬಟ್ಟೆಗೂ ಸ್ಪಂಜಿಗೂ ಮಧ್ಯೆ ಸಾಮಾನ್ಯವಾಗಿ ಅಂಟೇ ಹಾಕುವುದಿಲ್ಲ. ಸ್ಪಂಜಿನ ಮೇಲ್ಮೈಯನ್ನು ಗ್ಯಾಸ್ ಉರಿಯ ಮುಂದೆ ಹಾಯಿಸುತ್ತಾರೆ. ಮೇಲ್ಪದರ ಕರಗಿ ಅಂಟಂಟಾಗುತ್ತದೆ. ಆ ಕ್ಷಣದಲ್ಲೇ ಬಟ್ಟೆಯನ್ನು ಅದಕ್ಕೆ ಒತ್ತುತ್ತಾರೆ. ಎರಡೂ ಸೇರಿ ಒಂದೇ ಹಾಳೆಯಾಗಿ ಬರುತ್ತದೆ. ಆಮೇಲೆ ಅದನ್ನು ರಟ್ಟಿಗೆ ಅಂಟಿಸುತ್ತಾರೆ.

ಬೀಟಲ್‌ನಂಥ ಹಳೆಯ ಕಾರುಗಳಲ್ಲಿ ಹೀಗಿರಲಿಲ್ಲ. ಅಡ್ಡಕ್ಕೆ ಬಾಗಿದ ಕಂಬಿಗಳಿಗೆ ಬಟ್ಟೆ ಪೋಣಿಸಿ, ಅಂಚುಗಳನ್ನು ಎಳೆದು ಕಟ್ಟುತ್ತಿದ್ದರು. ಮಧ್ಯದಲ್ಲಿ ಸ್ಪಂಜೂ ಇಲ್ಲ, ಅಂಟೂ ಇಲ್ಲ. ಅದು ಹರಿಯುತ್ತಿತ್ತು, ಕೊಳೆಯಾಗುತ್ತಿತ್ತು, ಆದರೆ ಹೀಗೆ ಉದುರಿ ಜೋತು ಬೀಳುತ್ತಿರಲಿಲ್ಲ. ಈಗಿನದು ಬೇಗ ಕೂರಿಸಬಹುದಾದ, ಹಗುರಾದ ವಿಧಾನ. ನೋಡಲೂ ಚೆಂದ. ಆದರೆ ಎಲ್ಲ ಭಾರ ನಿಂತಿರುವುದು ಆ ಮೂರು ಮಿಲಿಮೀಟರ್ ಸ್ಪಂಜಿನ ಮೇಲೆ.

ಸ್ಪಂಜು ಯಾಕೆ ಸಾಯುತ್ತದೆ

ಪಾಲಿಯುರೆಥೇನ್ ರಸಾಯನವನ್ನು 1937ರಲ್ಲಿ ಜರ್ಮನಿಯ ಲೆವರ್ಕುಸೆನ್‌ನಲ್ಲಿ ಒಟ್ಟೊ ಬೇಯರ್ ಮತ್ತು ಅವರ ಜೊತೆಗಾರರು ಕಂಡುಹಿಡಿದರು. ಇವತ್ತು ನಮ್ಮ ಹಾಸಿಗೆ, ಸೋಫಾ, ಶೂ, ಕಾರಿನ ಸೀಟು ಎಲ್ಲದರಲ್ಲೂ ಅದು ಇದೆ. ಇದರಲ್ಲಿ ಎರಡು ಮುಖ್ಯ ಬಗೆ. ಒಂದು ಎಸ್ಟರ್ ಬಗೆ, ಇನ್ನೊಂದು ಈಥರ್ ಬಗೆ.

ಎಸ್ಟರ್ ಬಗೆಗೆ ನೀರಿನ ಆವಿಯೇ ಶತ್ರು. ಗಾಳಿಯ ತೇವ ಒಳಗೆ ಸೇರಿ, ಉದ್ದುದ್ದ ಅಣುಸರಪಳಿಗಳನ್ನು ಮಧ್ಯದಲ್ಲಿ ಕತ್ತರಿಸುತ್ತಾ ಹೋಗುತ್ತದೆ. ಕತ್ತರಿಸಿದ ಕಡೆ ಆಮ್ಲ ಹುಟ್ಟುತ್ತದೆ. ಆ ಆಮ್ಲ ಮುಂದಿನ ಕತ್ತರಿಕೆಯನ್ನು ಇನ್ನೂ ಬೇಗ ಮಾಡಿಸುತ್ತದೆ. ಅದಕ್ಕೇ ಏಳೆಂಟು ವರ್ಷ ಏನೂ ಆಗದಂತೆ ಕಾಣುವ ಸ್ಪಂಜು ಆಮೇಲೆ ಒಂದೆರಡು ವರ್ಷದಲ್ಲೇ ಪೂರ್ತಿ ಪುಡಿಯಾಗುವುದು. ಬೀರುವಿನಲ್ಲಿ ಎತ್ತಿಟ್ಟ ಒಳ್ಳೆಯ ಶೂವನ್ನು ವರ್ಷಗಳ ನಂತರ ಮದುವೆಗೆ ಅಂತ ಹಾಕಿಕೊಂಡು ಹೊರಟರೆ ಸೋಲ್ ತುಂಡು ತುಂಡಾಗಿ ಉದುರುತ್ತದಲ್ಲ, ಅಲ್ಲೂ ನಡೆದಿರುವುದು ಇದೇ ಕ್ರಿಯೆ. ಬಳಸದೇ ಇಟ್ಟರೂ ಅದು ನಿಲ್ಲುವುದಿಲ್ಲ. ಈಥರ್ ಬಗೆಗೆ ತೇವದ ಭಯ ಕಡಿಮೆ. ಆದರೆ ಬಿಸಿ, ಬೆಳಕು ಮತ್ತು ಆಮ್ಲಜನಕ ಸೇರಿ ಅದನ್ನೂ ಒಣಗಿಸಿ ಪುಡಿ ಮಾಡುತ್ತವೆ. 1960ರ ದಶಕದ ಸ್ಪಂಜಿನ ಪೀಠೋಪಕರಣಗಳನ್ನು ಉಳಿಸಿಕೊಳ್ಳಲು ದೊಡ್ಡ ದೊಡ್ಡ ಮ್ಯೂಸಿಯಂಗಳೇ ಒದ್ದಾಡುತ್ತಿವೆ. ಹಾಗಿರುವಾಗ ಬಿಸಿಲಲ್ಲಿ ನಿಲ್ಲುವ ಕಾರಿನ ಗತಿ ಏನಾಗಬೇಕು?

ಕಾರಿನಲ್ಲಿ ಈ ಸ್ಪಂಜು ಇರುವ ಜಾಗವೂ ಅತಿ ಕೆಟ್ಟದ್ದು. ಬಿಸಿಲಿಗೆ ಕಾದ ತಗಡಿನ ಕೆಳಗೇ ಅದು ಕೂತಿದೆ. ಒಳಗಿನ ಬಿಸಿಗಾಳಿಯೂ ಮೇಲಕ್ಕೇ ಏರುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು 2005ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಮಕ್ಕಳನ್ನು ಕಾರಿನಲ್ಲಿ ಬಿಟ್ಟುಹೋಗುವ ಅಪಾಯದ ಬಗ್ಗೆ ಮಾಡಿದ್ದು. ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನ ಒಳಗೆ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಏರುತ್ತದೆ, ಅದರ ಬಹುಪಾಲು ಮೊದಲ ಅರ್ಧ ಗಂಟೆಯಲ್ಲೇ ಏರುತ್ತದೆ ಅಂತ ಅವರು ತೋರಿಸಿದರು. ರಾಯಚೂರು, ಕಲಬುರಗಿಯಲ್ಲಿ ಮೇ ತಿಂಗಳ ಮಧ್ಯಾಹ್ನ ಹೊರಗೇ 40 ಡಿಗ್ರಿ ದಾಟಿರುತ್ತದೆ. ಇನ್ನು ಒಳಗಿನ ಲೆಕ್ಕ ನೀವೇ ಹಾಕಿಕೊಳ್ಳಿ. ಮಂಗಳೂರು, ಕಾರವಾರದ ಕಡೆ ಅಷ್ಟು ಕಾವು ಇಲ್ಲ, ಆದರೆ ವರ್ಷವಿಡೀ ತೇವ. ಎರಡೂ ಕಡೆ ಸ್ಪಂಜು ಸಾಯುತ್ತದೆ, ದಾರಿ ಮಾತ್ರ ಬೇರೆ.

ಬೆರಳಿನಿಂದ ಒಂದು ಪರೀಕ್ಷೆ

ನಿಮ್ಮ ಕಾರಿನಲ್ಲಿ ಆಗಿರುವುದು ಇದೇನಾ ಅಂತ ತಿಳಿಯಲು ಒಂದು ನಿಮಿಷ ಸಾಕು. ಬಟ್ಟೆ ಬಿಟ್ಟುಕೊಂಡ ಅಂಚಿನಲ್ಲಿ ಬೆರಳು ತೂರಿಸಿ, ಅದರ ಹಿಂಬದಿಯನ್ನೂ ರಟ್ಟನ್ನೂ ಉಜ್ಜಿ ನೋಡಿ. ಬೆರಳಿಗೆ ಹಳದಿ ಅಥವಾ ಕಂದು ಬಣ್ಣದ ಪುಡಿ ಮೆತ್ತಿಕೊಂಡರೆ ಸ್ಪಂಜು ಸತ್ತಿದೆ. ಕೆಲವು ಸಲ ಅದು ಒಣ ಪುಡಿಯಾಗಿರುತ್ತದೆ, ಕೆಲವು ಸಲ ಜಿಗುಟಾಗಿರುತ್ತದೆ. ಹಾಗಿದ್ದರೆ ಜಗತ್ತಿನ ಯಾವ ಅಂಟೂ ಅದನ್ನು ಹಿಡಿಯುವುದಿಲ್ಲ. ರಾಗಿಹಿಟ್ಟು ಚೆಲ್ಲಿದ ಮೇಜಿನ ಮೇಲೆ ಟೇಪ್ ಅಂಟಿಸಿದ ಹಾಗೆ: ಟೇಪು ಹಿಟ್ಟನ್ನು ಗಟ್ಟಿಯಾಗಿ ಹಿಡಿದಿರುತ್ತದೆ, ಹಿಟ್ಟು ಮೇಜನ್ನು ಹಿಡಿದಿರುವುದಿಲ್ಲ.

ಬೆರಳಿಗೆ ಪುಡಿ ಬರದೆ, ಸ್ಪಂಜು ಮೆತ್ತಗೆ ಗಟ್ಟಿಮುಟ್ಟಾಗಿ ಬಟ್ಟೆಗೆ ಹತ್ತಿಕೊಂಡೇ ಇದ್ದು, ರಟ್ಟು ಮಾತ್ರ ಬರಿದಾಗಿದ್ದರೆ, ಆಗ ಸೋತಿರುವುದು ಅಂಟು. ಈ ಒಂದು ಸಂದರ್ಭದಲ್ಲಿ ಅದೇ ಬಟ್ಟೆಯನ್ನು ಮತ್ತೆ ಅಂಟಿಸಬಹುದು. ಇದು ಅಪರೂಪ, ಆದರೆ ಇದೆ.

ಮೂರನೆಯದು ನೀರು. ಬಿಟ್ಟುಕೊಂಡ ಜಾಗದ ಸುತ್ತ ಟೀ ಬಣ್ಣದ ಕಲೆಯ ಗೆರೆ ಇದ್ದರೆ, ರಟ್ಟನ್ನು ಒತ್ತಿದಾಗ ಮೆತ್ತಗಾಗಿದ್ದರೆ, ಎಲ್ಲೋ ಸೋರುತ್ತಿದೆ. ಸನ್‌ರೂಫ್ ಇರುವ ಕಾರುಗಳಲ್ಲಿ ಇದು ಜಾಸ್ತಿ. ಸನ್‌ರೂಫಿನ ಸುತ್ತ ಬಿದ್ದ ನೀರು ಇಳಿದುಹೋಗಲು ಮೂಲೆಗಳಲ್ಲಿ ಸಣ್ಣ ಪೈಪುಗಳಿರುತ್ತವೆ. ಧೂಳು, ಎಲೆ ಸೇರಿ ಅವು ಕಟ್ಟಿಕೊಂಡರೆ ನೀರು ಉಕ್ಕಿ ರೂಫ್ ಲೈನಿಂಗ್ ಮೇಲೆ ಹರಿಯುತ್ತದೆ. ಸೋರಿಕೆ ನಿಲ್ಲಿಸದೆ ಹೊಸ ಬಟ್ಟೆ ಹಾಕಿಸುವುದು ಹಣ ನೀರಿಗೆ ಹಾಕಿದ ಹಾಗೆಯೇ.

ಅಡ್ಡದಾರಿಗಳು ಎಷ್ಟು ದೂರ ಹೋಗುತ್ತವೆ

ತಿರುಚಿ ಹಾಕುವ ಪಿನ್ನುಗಳು ಸಿಗುತ್ತವೆ. ನಾನು ಅವನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಮುಂದಿನ ವಾರ ದೂರದ ಊರಿಗೆ ಹೋಗಬೇಕು, ಕನ್ನಡಿ ಕಾಣುತ್ತಿಲ್ಲ ಅಂದರೆ ನಾಲ್ಕು ಪಿನ್ನು ಹಾಕಿಕೊಂಡು ಹೋಗಿ. ಆದರೆ ಪಿನ್ನಿನಿಂದ ಪಿನ್ನಿಗೆ ಬಟ್ಟೆ ಜೋಲುತ್ತದೆ, ರಟ್ಟಿನಲ್ಲಿ ತೂತುಗಳಾಗುತ್ತವೆ. ಗುಂಡುಸೂಜಿ ಬೇಡ. ಬ್ರೇಕ್ ಹಾಕಿದಾಗ ಮುಖದ ಮೇಲೆ ಉದುರುವ ಸಾಮಾನು ಅದು.

ಸಿರಿಂಜಿನಲ್ಲಿ ಅಂಟು ತುಂಬಿ ಬಟ್ಟೆಯ ಮೂಲಕ ಚುಚ್ಚುವವರಿದ್ದಾರೆ. ಚುಚ್ಚಿದ ಪ್ರತಿ ಜಾಗದಲ್ಲೂ ಒಂದು ಗಟ್ಟಿ ಗಂಟು, ಒಂದು ಕಲೆ. ಮರಗೆಲಸದ ಬಿಳಿ ಫೆವಿಕಾಲ್ ಕೂಡ ಇಲ್ಲಿ ಕೆಲಸಕ್ಕೆ ಬಾರದು. ಅದು ನೀರಿನಲ್ಲಿ ಕಲಸಿದ ಅಂಟು. ಮರ ಆ ನೀರನ್ನು ಹೀರಿಕೊಂಡಾಗ ಅದು ಗಟ್ಟಿಯಾಗುತ್ತದೆ. ಅಲ್ಲಿಯವರೆಗೆ ಒತ್ತಿ ಹಿಡಿದಿರಬೇಕು. ತಲೆ ಮೇಲಿನ ಬಟ್ಟೆಯನ್ನು ಗಂಟೆಗಟ್ಟಲೆ ಯಾರು ಒತ್ತಿ ಹಿಡಿಯುತ್ತಾರೆ? ಒಣಗಿದ ಮೇಲೂ ಬಿಸಿಗೆ ಮೆತ್ತಗಾಗುವ ಗುಣ ಅದಕ್ಕಿದೆ. ಹಬೆ ಹಾಯಿಸಿ ಒತ್ತುವ ಉಪಾಯವೂ ಇದೆ. ಹಳೆಯ ಅಂಟು ಸ್ವಲ್ಪ ಕರಗಿ ಒಂದೆರಡು ದಿನ ಹಿಡಿಯಬಹುದು. ಆದರೆ ಹಬೆ ಅಂದರೆ ಬಿಸಿ ಮತ್ತು ತೇವ. ಸ್ಪಂಜಿನ ಎರಡೂ ಶತ್ರುಗಳು ಒಟ್ಟಿಗೆ.

ಯಾವ ಅಂಟು, ಯಾಕೆ

ಸ್ಪಂಜು ಸತ್ತಿದ್ದರೆ ಹಳೆಯದನ್ನು ಪೂರ್ತಿ ತೆಗೆದು, ಹಿಂದೆ ಸ್ಪಂಜು ಇರುವ ಹೊಸ ಬಟ್ಟೆಯನ್ನು ರಟ್ಟಿಗೆ ಅಂಟಿಸುವುದೇ ದಾರಿ. ಅದಕ್ಕೆ ಬೇಕಾದದ್ದು ಕಾಂಟ್ಯಾಕ್ಟ್ ಅಂಟು. ರಬ್ಬರನ್ನು ಥಿನ್ನರಿನಂಥ ದ್ರವದಲ್ಲಿ ಕರಗಿಸಿ ಮಾಡಿದ್ದು. ಚಪ್ಪಲಿ ಹೊಲಿಯುವವರು, ರೆಕ್ಸಿನ್ ಕೆಲಸದವರು, ಸನ್‌ಮೈಕಾ ಅಂಟಿಸುವ ಬಡಗಿಗಳು ಬಳಸುವುದು ಇದೇ ಜಾತಿಯ ಅಂಟನ್ನು. ಫೆವಿಕಾಲ್ ಎಸ್‌ಆರ್ 998 ಅಂಥದ್ದೇ ಒಂದು. ಇದರಲ್ಲಿ ಹೆಚ್ಚಾಗಿ ಇರುವ ರಬ್ಬರು ನಿಯೋಪ್ರೀನ್. ಅಮೆರಿಕದ ಡುಪಾಂಟ್ ಕಂಪನಿಯಲ್ಲಿ 1930ರ ಸುಮಾರಿಗೆ ಹುಟ್ಟಿದ ಕೃತಕ ರಬ್ಬರು.

ಈ ಅಂಟಿನ ನಡತೆ ಬೇರೆ ಅಂಟುಗಳಿಗಿಂತ ಭಿನ್ನ. ಎರಡೂ ಕಡೆ ಹಚ್ಚಬೇಕು. ಹಚ್ಚಿದ ಕೂಡಲೇ ಕೂಡಿಸಬಾರದು. ದ್ರವ ಆರಿಹೋಗಲು ಬಿಡಬೇಕು. ಬೆರಳಿನ ಹಿಂಭಾಗ ತಾಗಿಸಿದರೆ ಜಿಗುಟು ಅನ್ನಿಸಬೇಕು, ಆದರೆ ಬೆರಳು ಎತ್ತಿದಾಗ ಎಳೆ ಬರಬಾರದು. ಆ ಹದಕ್ಕೆ ಬಂದ ಎರಡು ಮೇಲ್ಮೈಗಳು ತಾಗಿದ ಕ್ಷಣವೇ ಹಿಡಿದುಕೊಳ್ಳುತ್ತವೆ. ಎರಡೂ ಕಡೆಯ ರಬ್ಬರಿನ ಅಣುಗಳು ಒಂದರೊಳಗೊಂದು ಹೆಣೆದುಕೊಂಡು ಒಂದೇ ಪದರವಾಗುತ್ತವೆ. ಅದಕ್ಕೇ ಒತ್ತಿ ಹಿಡಿದು ಕಾಯುವ ಅಗತ್ಯವಿಲ್ಲ. ಅದಕ್ಕೇ ತಪ್ಪಾಗಿ ಕೂತರೆ ಸರಿಸುವುದೂ ಕಷ್ಟ.

ಕೆಲಸ ಕೆಡುವುದು ಹೆಚ್ಚಾಗಿ ಈ ಕಾಯುವ ಹೊತ್ತಿನಲ್ಲೇ. ಅವಸರದಿಂದ ಹಸಿಯಾಗಿದ್ದಾಗಲೇ ಕೂಡಿಸಿದರೆ ದ್ರವ ಒಳಗೆ ಸಿಕ್ಕಿಕೊಳ್ಳುತ್ತದೆ. ಮುಂದೆ ಬಿಸಿಲಿಗೆ ಅದು ಆವಿಯಾಗಿ ಬಟ್ಟೆಯನ್ನು ಗುಳ್ಳೆ ಗುಳ್ಳೆಯಾಗಿ ಎಬ್ಬಿಸುತ್ತದೆ. ಜಾಸ್ತಿ ಹೊತ್ತು ಬಿಟ್ಟರೆ ಮೇಲ್ಪದರ ಪೂರ್ತಿ ಒಣಗಿ ಹಿಡಿಯುವುದಿಲ್ಲ. ಎಷ್ಟು ಹೊತ್ತು ಅನ್ನುವುದು ಆ ದಿನದ ಗಾಳಿಯ ಮೇಲೆ ನಿಂತಿದೆ. ಡಬ್ಬದ ಮೇಲಿನ ಸಮಯ ಒಂದು ಅಂದಾಜು, ಬೆರಳು ಹೇಳುವುದೇ ಕೊನೆಯ ಮಾತು. ಜಡಿಮಳೆಯ ದಿನ ಈ ಕೆಲಸ ಬೇಡ. ದ್ರವ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ತೇವದ ಗಾಳಿ ಅದರ ಮೇಲೆ ಕಾಣದಷ್ಟು ತೆಳ್ಳಗೆ ನೀರು ಕೂರಿಸುತ್ತದೆ. ಆಮೇಲೆ ಅಂಟು ಅಂಟನ್ನು ಹಿಡಿಯುವುದಿಲ್ಲ.

ಬಿಸಿ ತಾಳುವ ಶಕ್ತಿಯನ್ನೂ ನೋಡಿ ಕೊಳ್ಳಬೇಕು. ಚಾರ್ಟು, ಥರ್ಮಾಕೋಲು ಅಂಟಿಸಲು ಸಿಗುವ ಸಾಮಾನ್ಯ ಸ್ಪ್ರೇ ಅಂಟು ಕಾರಿನ ರೂಫಿನ ಕಾವಿಗೆ ಮೆತ್ತಗಾಗುತ್ತದೆ. ಸುಮಾರು 70 ಡಿಗ್ರಿ ತಾಳುತ್ತದೆ ಅಂತ ಡಬ್ಬದ ಮೇಲೆ ಬರೆದಿರುವುದು ಬೇಕು. 3ಎಂ ಕಂಪನಿಯ ಹೈ-ಸ್ಟ್ರೆಂತ್ 90 ಮತ್ತು ಹೆಡ್‌ಲೈನರಿಗೆಂದೇ, ಅಂದರೆ ಈ ರೂಫ್ ಲೈನಿಂಗಿಗೆಂದೇ, ಬರುವ ಸ್ಪ್ರೇ ಆ ಮಟ್ಟದವು. ಅಮೆರಿಕದ ಕುಶನ್ ಕೆಲಸದವರು ವೆಲ್ಡ್‌ವುಡ್ ಲ್ಯಾಂಡೌ ಟಾಪ್ ಅನ್ನುವ ಅಂಟನ್ನು ಸ್ಪ್ರೇ ಗನ್ನಿನಲ್ಲಿ ಹೊಡೆಯುತ್ತಾರೆ.

ಬ್ರಷ್ಷೋ ಸ್ಪ್ರೇನೋ? ನನ್ನ ಆಯ್ಕೆ ಯಾವಾಗಲೂ ಸ್ಪ್ರೇ. ಬ್ರಷ್ಷಿನಲ್ಲಿ ಹಚ್ಚಿದರೆ ಗೆರೆಗಳು, ಉಂಡೆಗಳು ಉಳಿಯುತ್ತವೆ. ತೆಳು ಬಟ್ಟೆಯಲ್ಲಿ ಅವೆಲ್ಲ ಎದ್ದು ಕಾಣುತ್ತವೆ. ಒಂದು ಗೇಣು ದೂರದಿಂದ, ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ, ತೆಳ್ಳಗೆ ಹೊಡೆಯಬೇಕು. ಸ್ಪಂಜು ತೊಯ್ದುಹೋಗುವಷ್ಟು ಹೊಡೆದರೆ ಅಂಟು ಆಚೆ ಬದಿಗೆ ಒಸರಿ ಕಪ್ಪು ಕಲೆ ಬೀಳುತ್ತದೆ. ಆ ಕಲೆ ಹೋಗುವುದಿಲ್ಲ.

ರಟ್ಟು ಇಳಿಸಿ ಮಾಡುವ ಕೆಲಸ

ರಟ್ಟನ್ನು ಕಾರಿನಿಂದ ಹೊರಗೆ ತೆಗೆಯದೆ ಈ ಕೆಲಸ ಸರಿಯಾಗಿ ಆಗುವುದಿಲ್ಲ. ಸನ್ ವೈಸರ್, ಒಳಗಿನ ಲೈಟು, ಕೈಹಿಡಿಗಳು, ಬಾಗಿಲ ಬೀಡಿಂಗ್, ಕಂಬಗಳ ಪ್ಲಾಸ್ಟಿಕ್ ಕವರು ಎಲ್ಲ ಬಿಚ್ಚಿದ ಮೇಲೆ ರಟ್ಟು ಕೆಳಗಿಳಿಯುತ್ತದೆ. ಡಿಕ್ಕಿ ಬಾಗಿಲು ದೊಡ್ಡದಾಗಿರುವ ಹ್ಯಾಚ್‌ಬ್ಯಾಕ್‌ಗಳಲ್ಲಿ ಹಿಂದಿನಿಂದ ತೆಗೆಯಬಹುದು. ಸೆಡಾನ್‌ಗಳಲ್ಲಿ ಮುಂದಿನ ಸೀಟು ಪೂರ್ತಿ ಮಲಗಿಸಿ ಬಾಗಿಲಿನಿಂದ ಓರೆ ಮಾಡಿ ಎಳೆಯಬೇಕು. ಇಬ್ಬರು ಬೇಕೇ ಬೇಕು. ರಟ್ಟು ಒಮ್ಮೆ ಮಡಚಿಕೊಂಡರೆ ಆ ಮಡಿಕೆ ಹೊಸ ಬಟ್ಟೆಯ ಮೇಲೂ ಕಾಣುತ್ತಿರುತ್ತದೆ.

ರೂಫಿನ ಅಂಚಿನುದ್ದಕ್ಕೂ ಕರ್ಟನ್ ಏರ್‌ಬ್ಯಾಗ್ ಇರುವ ಕಾರಾದರೆ ನೀವೇ ಕೈ ಹಾಕಬೇಡಿ. ಅದು ಸಿಡಿದರೆ ಮುಖಕ್ಕೇ ಬಡಿಯುತ್ತದೆ. ಅಂಚನ್ನು ತಪ್ಪಾಗಿ ಕೂರಿಸಿದರೆ ಬೇಕಾದಾಗ ಬಿಚ್ಚಿಕೊಳ್ಳದೆ ಇರಬಹುದು. ಏರ್‌ಬ್ಯಾಗ್ ಕೆಲಸ ಗೊತ್ತಿರುವವರ ಹತ್ತಿರ ಕೊಡಿ.

ಹಳೆಯ ಬಟ್ಟೆ ಎಳೆದರೆ ಒಂದೇ ಹಾಳೆಯಾಗಿ ಬಂದುಬಿಡುತ್ತದೆ. ರಟ್ಟಿನ ಮೇಲೆ ಪುಡಿ ಉಳಿದಿರುತ್ತದೆ. ಇಲ್ಲಿಂದ ಮುಂದಿನ ಬೇಸರದ ಕೆಲಸವೇ ಇಡೀ ದುರಸ್ತಿಯ ಜೀವಾಳ. ಮಾಸ್ಕ್ ಮತ್ತು ಕನ್ನಡಕ ಹಾಕಿಕೊಂಡು, ಬಯಲಿನಲ್ಲಿ, ಪ್ಲಾಸ್ಟಿಕ್ ಬ್ರಷ್ಷಿನಿಂದ ಉಜ್ಜಬೇಕು. ತಂತಿ ಬ್ರಷ್ಷು ರಟ್ಟಿನ ನಾರನ್ನೇ ಕಿತ್ತುಹಾಕುತ್ತದೆ. ಉಜ್ಜಿ, ವ್ಯಾಕ್ಯೂಮ್ ಹಾಕಿ, ಮತ್ತೆ ಉಜ್ಜಿ. ಅಂಗೈಯನ್ನು ರಟ್ಟಿನ ಮೇಲೆ ಸವರಿದಾಗ ಏನೂ ಮೆತ್ತಿಕೊಳ್ಳದಿದ್ದರೆ ಆಯಿತು. ಹೆಚ್ಚಿನ ರಿಪೇರಿಗಳು ಎರಡನೇ ಬೇಸಿಗೆಯಲ್ಲಿ ಸೋಲುವುದು ಇಲ್ಲಿ ಅರ್ಧ ಗಂಟೆ ಉಳಿಸಿದ್ದಕ್ಕೆ.

ಹೊಸ ಬಟ್ಟೆ ಹಿಂದೆ ಸ್ಪಂಜು ಇರುವ ರೂಫ್ ಬಟ್ಟೆಯೇ ಆಗಿರಬೇಕು. ಸೀಟ್ ಕವರ್ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ಬೆಂಗಳೂರಿನಲ್ಲಾದರೆ ಜೆ.ಸಿ. ರಸ್ತೆಯ ಕಡೆ ಹೋದರೆ ಬಣ್ಣ ಹೊಂದಿಸಿ ತರಬಹುದು. ಪರದೆ ಬಟ್ಟೆ, ಚೂಡಿದಾರ್ ಬಟ್ಟೆ ಹಾಕುವುದು ಬೇಡವೇ ಬೇಡ. ಕಾರಿನೊಳಗಿನ ಬಟ್ಟೆಗಳಿಗೆ ಬೆಂಕಿ ಹಬ್ಬುವ ವೇಗದ ಮಿತಿ ಇದೆ. ನಮ್ಮಲ್ಲಿ ಐಎಸ್ 15061, ಅಮೆರಿಕದಲ್ಲಿ ಎಫ್‌ಎಂವಿಎಸ್‌ಎಸ್ 302 ಅನ್ನುವ ನಿಯಮಗಳು. ಅಮೆರಿಕದ ನಿಯಮದ ಪ್ರಕಾರ ಉರಿ ನಿಮಿಷಕ್ಕೆ 102 ಮಿಲಿಮೀಟರ್‌ಗಿಂತ ಬೇಗ ಹಬ್ಬಬಾರದು. ಮನೆಬಳಕೆಯ ಬಟ್ಟೆಗೆ ಅಂಥ ಪರೀಕ್ಷೆ ಆಗಿರುವುದಿಲ್ಲ.

ರಟ್ಟಿನ ಉದ್ದ ಅಳೆಯುವಾಗ ಟೇಪನ್ನು ಗಾಳಿಯಲ್ಲಿ ನೇರ ಹಿಡಿಯಬೇಡಿ. ತಗ್ಗಿನೊಳಗೆ ಇಳಿಸಿ, ಉಬ್ಬಿನ ಮೇಲೆ ಹತ್ತಿಸಿ ಅಳೆಯಿರಿ. ಸುತ್ತಲೂ ನಾಲ್ಕೈದು ಇಂಚು ಜಾಸ್ತಿ ಇರಲಿ. ಬಟ್ಟೆಯನ್ನು ರಟ್ಟಿನ ಮೇಲೆ ಹರಡಿ, ಅರ್ಧ ಹಿಂದಕ್ಕೆ ಮಡಚಿ, ಆ ಅರ್ಧಕ್ಕೂ ಅದರ ಕೆಳಗಿನ ರಟ್ಟಿಗೂ ಅಂಟು ಹೊಡೆದು ಕಾಯಿರಿ. ಹದ ಬಂದ ಮೇಲೆ ಮಧ್ಯದಿಂದ ಅಂಚಿನ ಕಡೆಗೆ ಅಂಗೈಯಲ್ಲಿ ಸವರುತ್ತಾ ಹಾಸುತ್ತಾ ಹೋಗಿ. ಆಮೇಲೆ ಉಳಿದ ಅರ್ಧ.

ಕೈಚಳಕ ಬೇಕಾಗುವುದು ತಗ್ಗುಗಳಲ್ಲಿ. ಸನ್ ವೈಸರ್ ಕೂರುವ ಜಾಗ ನೋಡಿ, ಅಲ್ಲಿ ರಟ್ಟು ಬೋಗುಣಿಯಾಗಿ ಒಳಗೆ ಹೋಗಿರುತ್ತದೆ. ಲೈಟಿನ ಸುತ್ತಲೂ ಹಾಗೇ. ಬಟ್ಟೆಯನ್ನು ಬಿಗಿಯಾಗಿ ಎಳೆದು ಹಾಸಿದರೆ ಅದು ತಗ್ಗಿನ ಒಂದು ದಡದಿಂದ ಇನ್ನೊಂದು ದಡಕ್ಕೆ ನೇರವಾಗಿ ದಾಟಿಬಿಡುತ್ತದೆ. ಕೆಳಗೆ ಗಾಳಿ ಉಳಿಯುತ್ತದೆ. ಆಮೇಲೆ ಬೆರಳಿನಿಂದ ಒಳಗೆ ಒತ್ತಿ ಅಂಟಿಸಿದರೂ, ಹಿಗ್ಗಿದ ಬಟ್ಟೆ ಯಾವಾಗಲೂ ವಾಪಸ್ ಎಳೆಯುತ್ತಲೇ ಇರುತ್ತದೆ. ಬಿಸಿಲಿಗೆ ಅಂಟು ಸ್ವಲ್ಪ ಸಡಿಲವಾದ ಮೊದಲ ದಿನವೇ ಆ ಎಳೆತ ಗೆಲ್ಲುತ್ತದೆ. ಆದ್ದರಿಂದ ತಗ್ಗು ಬಂದಾಗ ಬಟ್ಟೆಯನ್ನು ಸಡಿಲ ಬಿಟ್ಟು, ಮೊದಲು ತಳವನ್ನು ಬೆರಳತುದಿಯಿಂದ ಒತ್ತಿ, ಆಮೇಲೆ ಗೋಡೆಗಳನ್ನು ಹತ್ತಿಸಿ, ಕೊನೆಗೆ ದಡಕ್ಕೆ ಬರಬೇಕು. ಎಳೆಯಬೇಕಾದದ್ದು ಉಬ್ಬಿನ ಮೇಲೆ, ತಗ್ಗಿನೊಳಗಲ್ಲ. ಹೊಸ ಕಾರಿನ ಲೈನಿಂಗ್ ಹಾಗೆ ಕಾಣುವ ಕೆಲಸಕ್ಕೂ ಮನೆಯಲ್ಲಿ ಮಾಡಿದ ಕೆಲಸಕ್ಕೂ ವ್ಯತ್ಯಾಸ ಬರುವುದು ಹೆಚ್ಚಾಗಿ ಈ ನಾಲ್ಕು ತಗ್ಗುಗಳಲ್ಲೇ.

ಅಂಚುಗಳನ್ನು ಒಂದು ಇಂಚು ಹಿಂದಕ್ಕೆ ಮಡಚಿ ಅಂಟಿಸಬೇಕು. ಲೈಟು, ಕೈಹಿಡಿಗಳ ತೂತುಗಳಲ್ಲಿ ಗುಣಾಕಾರದ ಗುರುತಿನಂತೆ ಕತ್ತರಿಸಿ ಒಳಗೆ ಮಡಚಿದರೆ ಸಾಕು, ದುಂಡಗೆ ಕತ್ತರಿಸಿ ತೆಗೆಯಬೇಡಿ. ಒಂದು ದಿನ ಪೂರ್ತಿ ನೆರಳಿನಲ್ಲಿ ಬಿಟ್ಟು ಆಮೇಲೆ ಕಾರಿಗೆ ಏರಿಸಿ.

ಟ್ರಾವೆಲ್ ಟ್ರೈಲರ್ ಆದರೆ

ಅಮೆರಿಕ, ಕೆನಡಾದಲ್ಲಿರುವ ನಮ್ಮವರಿಗೆ ಈ ತೊಂದರೆ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ಕಾರಿನ ಹಿಂದೆ ಎಳೆದುಕೊಂಡು ಹೋಗುವ, ಒಳಗೇ ಉಳಿದುಕೊಳ್ಳಬಹುದಾದ ಹಳೆಯ ಟ್ರೈಲರ್ ಕೊಂಡರೆ, ಅದರ ಒಳಚಾವಣಿಯ ಬಟ್ಟೆ ಇಳಿಬಿದ್ದಿರುವುದು ಸಾಮಾನ್ಯ. ಕಾಯಿಲೆ ಅದೇ, ಮದ್ದು ಮಾತ್ರ ಪೂರ್ತಿ ಅದೇ ಅಲ್ಲ. ಮುಖ್ಯ ಕಾರಣ, ಅಲ್ಲಿ ಇಳಿಸಿ ಹೊರಗೆ ತೆಗೆಯುವ ರಟ್ಟು ಇಲ್ಲ. ಬಹಳ ಟ್ರೈಲರ್‌ಗಳಲ್ಲಿ ತೆಳು ಪ್ಲೈವುಡ್ಡಿಗೆ ಬಟ್ಟೆ ಅಂಟಿಸಿ ಚಾವಣಿ ಕೂರಿಸಿದ ಮೇಲೆ ಕಪಾಟು, ಅಡ್ಡಗೋಡೆ ಕಟ್ಟಿರುತ್ತಾರೆ. ಬಟ್ಟೆಯ ಅಂಚು ಅವುಗಳ ಹಿಂದೆ ಸಿಕ್ಕಿಕೊಂಡಿರುತ್ತದೆ. ಕಪಾಟು ಬಿಚ್ಚಬೇಕು, ಇಲ್ಲವೇ ಕಪಾಟಿನ ಅಂಚಿಗೆ ಸರಿಯಾಗಿ ಬಟ್ಟೆ ಕತ್ತರಿಸಿ ಮೇಲೆ ಪಟ್ಟಿ ಹೊಡೆಯಬೇಕು.

ಎಲ್ಲ ಕೆಲಸವೂ ತಲೆಯೆತ್ತಿಯೇ. ಉಜ್ಜಿದ ಪುಡಿಯೆಲ್ಲ ಕಣ್ಣಿಗೇ. ದೊಡ್ಡ ಹಾಳೆಯನ್ನು ಎರಡೂ ಕಡೆ ಅಂಟು ಹಚ್ಚಿ ತಲೆ ಮೇಲೆ ಹಿಡಿದು ಕೂರಿಸುವುದು ಪಳಗಿದವರಿಗೂ ಕಷ್ಟ. ನನ್ನ ಪ್ರಕಾರ ಒಳ್ಳೆಯ ದಾರಿ ಬೇರೆಯದು. ಹಳೆಯ ಬಟ್ಟೆ ಕಿತ್ತು, ಪುಡಿ ತೆಗೆದು, ಮೂರು ಮಿಲಿಮೀಟರ್ ಪ್ಲೈವುಡ್ ತುಂಡುಗಳಿಗೆ ಹೊರಗೆ ಮೇಜಿನ ಮೇಲೆ ಬಟ್ಟೆ ಅಂಟಿಸಿ, ಆ ತುಂಡುಗಳನ್ನು ಚಾವಣಿಯ ಚೌಕಟ್ಟಿಗೆ ಸ್ಕ್ರೂ ಹಾಕಿ ಕೂರಿಸುವುದು. ಸೇರುವ ಗೆರೆಗಳ ಮೇಲೆ ತೆಳು ಪಟ್ಟಿ. ಗೆರೆ ಕಾಣುತ್ತದೆ, ನಿಜ. ಆದರೆ ಮುಂದೆ ಸೋರಿದರೆ ಒಂದು ತುಂಡು ಬಿಚ್ಚಿ ನೋಡಬಹುದು.

ಸೋರಿಕೆ ಟ್ರೈಲರಿನ ಹುಟ್ಟುಗುಣ. ಚಾವಣಿಯ ಕಿಂಡಿ, ಎಸಿ ಕೂರಿಸಿದ ಚೌಕ, ಅಂಚಿನ ಸೇರುಗೆರೆ, ಇವುಗಳ ಸುತ್ತ ಪ್ಲೈವುಡ್ಡನ್ನು ಹೆಬ್ಬೆರಳಿನಿಂದ ಒತ್ತುತ್ತಾ ಬನ್ನಿ. ಮೆತ್ತಗಿದ್ದರೆ ಮೊದಲು ಮೇಲಿನ ಕೆಲಸ. ಚಳಿಗಾಲದಲ್ಲಿ ಸೋರದಿದ್ದರೂ ಒದ್ದೆಯಾಗುತ್ತದೆ. ಒಳಗಿನವರ ಉಸಿರಿನ ಆವಿ ಮತ್ತು ಗ್ಯಾಸ್ ಒಲೆ ಉರಿದಾಗ ಬರುವ ಆವಿ ತಣ್ಣನೆಯ ಲೋಹದ ಚೌಕಟ್ಟಿನ ಕೆಳಗೆ ನೀರಾಗಿ ಕೂರುತ್ತದೆ. ಬಟ್ಟೆ ಗೆರೆ ಗೆರೆಯಾಗಿ ಬಿಟ್ಟುಕೊಂಡಿದ್ದರೆ ಇದನ್ನು ಅನುಮಾನಿಸಬೇಕು. ಬೋಲರ್, ಸ್ಕ್ಯಾಂಪ್‌ನಂಥ ಹಳೆಯ ಫೈಬರ್ ಟ್ರೈಲರ್‌ಗಳ ಕಥೆ ಬೇರೆ. ಅವುಗಳಲ್ಲಿ ರೆಕ್ಸಿನ್ ಮುಖದ, ನೀರು ಹೀರದ ಫೋಮನ್ನು ಫೈಬರ್ ಚಿಪ್ಪಿಗೇ ಅಂಟಿಸಿರುತ್ತಾರೆ. ಫೋಮ್ ಗಟ್ಟಿಯಾಗಿಯೇ ಇದ್ದು ಅಂಟು ಬಿಟ್ಟಿರುವುದು ಅಲ್ಲಿ ಸಾಮಾನ್ಯ. ಅದೇ ಹಾಳೆಯನ್ನು ತೊಳೆದು ಮತ್ತೆ ಅಂಟಿಸಬಹುದು.

ಟ್ರೈಲರಿನೊಳಗೆ ಕಾಂಟ್ಯಾಕ್ಟ್ ಅಂಟು ಹೊಡೆಯುವಾಗ ಪ್ರಾಣದ ಮೇಲೆ ಎಚ್ಚರ ಇರಲಿ. ಅದರ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿ ನಿಲ್ಲುತ್ತದೆ, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಸಿಲಿಂಡರ್ ಮುಚ್ಚಿ, ಗ್ಯಾಸಿನಲ್ಲಿ ಓಡುವ ಫ್ರಿಜ್ಜಿನ ಉರಿ ಆರಿಸಿ, ಹೀಟರ್ ಬಂದ್ ಮಾಡಿ, ಎಲ್ಲ ಬಾಗಿಲು ಕಿಟಕಿ ತೆರೆದಿಡಿ. ತಲೆ ಸುತ್ತು ಬಂದರೆ ತಕ್ಷಣ ಹೊರಗೆ ಬನ್ನಿ. ಚಾವಣಿಯ ಪ್ಲೈವುಡ್ಡಿನ ಹಿಂದೆ ಥರ್ಮಾಕೋಲ್ ಇದ್ದರೆ, ತೂತುಗಳ ಮೂಲಕ ಒಳಗೆ ಹೋದ ಅಂಟಿನ ದ್ರವ ಅದನ್ನು ಕರಗಿಸಿಬಿಡುತ್ತದೆ. ಮೊದಲೇ ತೂತು ಮುಚ್ಚಿಕೊಳ್ಳಿ.

ಅಂಗಡಿಯಲ್ಲಿ ಮಾಡಿಸುವುದಾದರೆ

ಹೆಚ್ಚಿನವರು ಈ ಕೆಲಸವನ್ನು ಸೀಟ್ ಕವರ್ ಅಂಗಡಿಗೆ ಕೊಡುತ್ತಾರೆ, ಅದು ತಪ್ಪಲ್ಲ. ಆದರೆ ಮಾತಾಡುವಾಗ ಸರಿಯಾಗಿ ಕೇಳಿ. ರಟ್ಟು ಕಾರಿನಿಂದ ಹೊರಗೆ ತೆಗೆಯುತ್ತೀರಾ? ಹಳೆಯ ಸ್ಪಂಜಿನ ಪುಡಿ ಪೂರ್ತಿ ಉಜ್ಜುತ್ತೀರಾ? ಹೊಸ ಬಟ್ಟೆಯ ಹಿಂದೆ ಸ್ಪಂಜು ಇದೆಯಾ? ಅಂಟು ಗನ್ನಿನಲ್ಲೋ ಬ್ರಷ್ಷಿನಲ್ಲೋ? "ಬಿಚ್ಚೋದೇ ಬೇಡ ಸರ್, ಕೂತಲ್ಲೇ ಅಂಟಿಸಿಕೊಡ್ತೀವಿ, ಅರ್ಧ ಗಂಟೆ ಕೆಲಸ" ಅಂದರೆ ಬೇರೆ ಅಂಗಡಿ ನೋಡಿ. ಹಳೆಯ ಬಟ್ಟೆಯ ಮೇಲೇ ರೆಕ್ಸಿನ್ ಹೊಡೆದುಕೊಡುತ್ತೇವೆ ಅಂದರೂ ಅಷ್ಟೇ. ಪುಡಿಯ ಮೇಲೆ ಇನ್ನಷ್ಟು ಭಾರ ನೇತುಹಾಕಿದಂತಾಗುತ್ತದೆ.

ಹೊಸ ಬಟ್ಟೆ ಹಾಕಿಸಿದ ಮೇಲೆ ರೂಫಿಗೆ ಶಾಂಪೂ ನೊರೆ ಹಾಕಿ ತಿಕ್ಕಿಸುವ ಕ್ಲೀನಿಂಗ್ ಮಾಡಿಸಬೇಡಿ. ಹಿಂಡಿದ ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿದರೆ ಸಾಕು. ಸ್ಪಂಜು ತೊಯ್ದರೆ ಒಣಗಲು ದಿನಗಳೇ ಬೇಕು. ಬಿಸಿಲಲ್ಲಿ ನಿಲ್ಲಿಸಲೇಬೇಕಾದರೆ ಮುಂದಿನ ಗಾಜಿಗೆ ಹೊಳೆಯುವ ಮರೆ ಇಟ್ಟು, ಕಿಟಕಿಗಳನ್ನು ಒಂದು ಬೆರಳಷ್ಟು ಇಳಿಸಿಡಿ.

ಕಾರು ವಾಪಸ್ ತೆಗೆದುಕೊಳ್ಳುವಾಗ ಸನ್ ವೈಸರ್ ಇಳಿಸಿ ಅದರ ಹಿಂದಿನ ತಗ್ಗನ್ನು ಬೆರಳಿನಿಂದ ಒತ್ತಿ ನೋಡಿ. ಬಟ್ಟೆಯ ಕೆಳಗೆ ಗಾಳಿ ಸಿಕ್ಕರೆ ಅಲ್ಲಿ ಬಟ್ಟೆ ತಗ್ಗಿಗೆ ಇಳಿದಿಲ್ಲ. ದುಡ್ಡು ಕೊಡುವ ಮೊದಲೇ ಅದನ್ನು ಸರಿ ಮಾಡಿಸಿಕೊಳ್ಳಿ. ಆಗಬಹುದಾದರೆ ಒಂದು ಮಧ್ಯಾಹ್ನ ಬಿಸಿಲಿನಲ್ಲಿ ನಿಲ್ಲಿಸಿದ ಮೇಲೆ ಇನ್ನೊಮ್ಮೆ ಒತ್ತಿ ನೋಡಿ.